ಒಂದು ಮಾತ್ರೆ 38½ ಆದದ್ದು ಹೇಗೆ?

ಮಕ್ಕಳೇ, ಲೆಕ್ಕದ ಉತ್ತರದ ಮುಂದೆ ಏಕಮಾನ ಬರೆಯಲು ಮರೆತರೆ ನಿಮ್ಮ ಶಿಕ್ಷಕರು ಅಂಕ ಕಡಿಮೆ ಮಾಡುತ್ತಾರೆ ಅಲ್ಲವೇ? "ಉತ್ತರ ಸರಿಯಾಗಿಯೇ ಇದೆಯಲ್ಲ ಸಾರ್" ಎಂದು ನೀವು ವಾದಿಸಿರಲೂಬಹುದು. ಆದರೆ ಆಸ್ಪತ್ರೆಯಲ್ಲಿ ಅಂಕಿ ಸರಿಯಿದ್ದು ಏಕಮಾನ ತಪ್ಪಿದರೆ? 2013ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆಯಲ್ಲಿ ಹೀಗೇ ಆಯಿತು.

16 ವರ್ಷದ ಹುಡುಗನೊಬ್ಬ ತಪಾಸಣೆಗೆಂದು ಅಲ್ಲಿ ದಾಖಲಾಗಿದ್ದ. ಸೋಂಕು ತಗಲದಿರಲೆಂದು ಅವನು ಮೊದಲಿನಿಂದಲೂ ಒಂದು ಔಷಧಿ ತೆಗೆದುಕೊಳ್ಳುತ್ತಿದ್ದ. ಒಂದು ಹೊತ್ತಿಗೆ ಒಂದೇ ಮಾತ್ರೆ. ಅದರಲ್ಲಿ ಲೆಕ್ಕಕ್ಕೆ ಹಿಡಿಯುವ ಅಂಶ 160 ಮಿಲಿಗ್ರಾಂ.

ಆ ಆಸ್ಪತ್ರೆಯಲ್ಲಿ ವೈದ್ಯರು ಔಷಧಿ ಚೀಟಿಯನ್ನು ಕೈಯಲ್ಲಿ ಬರೆಯುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದರು. ಇದು ಒಳ್ಳೆಯ ಪದ್ಧತಿಯೇ. ಅರ್ಥವಾಗದ ಕೈಬರಹದ ಕಾಟ ಇದರಿಂದ ತಪ್ಪುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಈ ಪದ್ಧತಿ ಬಂದ ಮೇಲೆ ಔಷಧಿಯ ಗಂಭೀರ ತಪ್ಪುಗಳು ಶೇಕಡಾ 55ರಷ್ಟು ಇಳಿದವೆಂದು ಡೇವಿಡ್ ಬೇಟ್ಸ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿಕೊಟ್ಟಿದ್ದರು.

ಈಗ ನೋಟ್ ಬುಕ್ ತೆಗೆದುಕೊಳ್ಳಿ. ಮಕ್ಕಳಿಗೆ ಔಷಧಿಯ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸುತ್ತಾರೆ. ಹುಡುಗನ ತೂಕ 38.6 ಕಿಲೋಗ್ರಾಂ. ಪ್ರತಿ ಕಿಲೋಗ್ರಾಂಗೆ 5 ಮಿಲಿಗ್ರಾಂ ಎಂದು ವೈದ್ಯೆ ದಾಖಲಿಸಿದರು. 38.6 × 5 = 193 ಮಿಲಿಗ್ರಾಂ. ಅಷ್ಟೇ ಇರುವ ಮಾತ್ರೆ ಸಿಗುವುದಿಲ್ಲವಲ್ಲ! ಆದ್ದರಿಂದ 160 ಮಿಲಿಗ್ರಾಂ ಮಾತ್ರೆಗೆ ಸರಿಹೊಂದುವಂತೆ ಬದಲಿಸಿ ಎಂದು ಫಾರ್ಮಸಿಸ್ಟ್ ಕೇಳಿದರು. ವೈದ್ಯೆ 160 ಎಂದು ಒತ್ತಿದರು. ಆದರೆ ಪರದೆಯ ಮೇಲಿದ್ದ ಏಕಮಾನ ಇನ್ನೂ "ಪ್ರತಿ ಕಿಲೋಗ್ರಾಂಗೆ ಮಿಲಿಗ್ರಾಂ" ಎಂದೇ ಇತ್ತು. ಕಂಪ್ಯೂಟರ್ ಗುಣಿಸಿತು: 160 × 38.6 = 6176 ಮಿಲಿಗ್ರಾಂ. ಅಂದರೆ ಸುಮಾರು 38½ ಮಾತ್ರೆ!

ಕಂಪ್ಯೂಟರ್ ಎಚ್ಚರಿಸಲಿಲ್ಲವೇ? ಎಚ್ಚರಿಸಿತು. ವೈದ್ಯೆಯ ಪರದೆಯಲ್ಲೂ, ಫಾರ್ಮಸಿಸ್ಟರ ಪರದೆಯಲ್ಲೂ ಸೂಚನೆ ಬಂತು. ಆದರೆ ಅಂಥ ಸೂಚನೆಗಳು ದಿನವಿಡೀ ಬರುತ್ತಲೇ ಇದ್ದವು, ಬಹುಪಾಲು ಅನಾವಶ್ಯಕವಾದವು. ಇಬ್ಬರೂ ಅದನ್ನು ದಾಟಿಸಿಬಿಟ್ಟರು. ಅದೇ ವಿಶ್ವವಿದ್ಯಾಲಯದ ದೊಡ್ಡವರ ತೀವ್ರ ನಿಗಾ ಘಟಕಗಳಲ್ಲಿ 2013ರಲ್ಲಿ ಒಂದು ತಿಂಗಳು ಎಣಿಸಿ ನೋಡಿದಾಗ, ಯಂತ್ರಗಳು ಹಾಸಿಗೆಯೊಂದಕ್ಕೆ ದಿನಕ್ಕೆ 187 ಬಾರಿ ಸದ್ದು ಮಾಡುತ್ತಿದ್ದವು. ಸುಮಾರು 8 ನಿಮಿಷಕ್ಕೊಮ್ಮೆ! "ತೋಳ ಬಂತು ತೋಳ" ಕಥೆ ನಿಮಗೆ ಗೊತ್ತಲ್ಲ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ, ಆದರೂ ಪರಿಣಾಮ ಅದೇ.

ಮುಂದೆ ರೋಬೋಟ್ 38½ ಮಾತ್ರೆಗಳನ್ನು ಒಂದೂ ಹೆಚ್ಚು ಕಡಿಮೆಯಾಗದಂತೆ ಕಟ್ಟಿಕೊಟ್ಟಿತು. ನರ್ಸ್‌ಗೆ ಅನುಮಾನ ಬಂದಿತ್ತು. ಬಾರ್ ಕೋಡ್ ಓದಿಸಿ ನೋಡಿದರು. ಆದೇಶಕ್ಕೆ ಸರಿಯಾಗಿದೆ ಎಂದಿತು ಯಂತ್ರ. ಕೊಟ್ಟ ಕೆಲಸವನ್ನು ಪ್ರತಿ ಯಂತ್ರವೂ ಸರಿಯಾಗಿಯೇ ಮಾಡಿತ್ತು, ಆದೇಶವೇ ತಪ್ಪೆಂದು ತಿಳಿಯುವ ಶಕ್ತಿ ಮಾತ್ರ ಅವಕ್ಕಿರಲಿಲ್ಲ.

ಹುಡುಗ ಅಷ್ಟನ್ನೂ ನುಂಗಿದ. ಕೆಲವು ಗಂಟೆಗಳಲ್ಲಿ ಮೈಯೆಲ್ಲ ಜುಮುಗುಟ್ಟಿತು, ಫಿಟ್ಸ್ ಬಂದು ಉಸಿರು ನಿಂತಿತು. ವೈದ್ಯರು ಧಾವಿಸಿ ಬಂದು ಉಳಿಸಿದರು. ಅವನು ಚೇತರಿಸಿಕೊಂಡ.

ಆಸ್ಪತ್ರೆ ಇದನ್ನು ಮುಚ್ಚಿಡಲಿಲ್ಲ. ಅಲ್ಲಿನ ವೈದ್ಯ ರಾಬರ್ಟ್ ವಾಕ್ಟರ್ 2015ರ ತಮ್ಮ ಪುಸ್ತಕದಲ್ಲಿ ಎಲ್ಲವನ್ನೂ ಬಿಡಿಸಿ ಬರೆದರು. ಇಷ್ಟು ಮಿತಿಮೀರಿದ ಪ್ರಮಾಣವನ್ನು ಕಂಪ್ಯೂಟರ್ ಒಪ್ಪಿಕೊಳ್ಳದಂತೆ ತಡೆ ಹಾಕಿದರು, ಬೇಡದ ಸೂಚನೆಗಳನ್ನು ಕಿತ್ತುಹಾಕತೊಡಗಿದರು. ಒಬ್ಬರನ್ನು ಬೈದು ಸುಮ್ಮನಾಗುವುದಕ್ಕಿಂತ ಇದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಮಾಡಿ ನೋಡಿ: ಮನೆಯಲ್ಲಿ ಖಾಲಿಯಾದ ಮಾತ್ರೆ ಸ್ಟ್ರಿಪ್ ಇದ್ದರೆ, ಅದರ ಮೇಲೆ ಮುದ್ರಿಸಿರುವ ಮಿಲಿಗ್ರಾಂ ಎಷ್ಟೆಂದು ಓದಿ. ಮಾತ್ರೆ ಉಳಿದಿರುವ ಸ್ಟ್ರಿಪ್ ಮುಟ್ಟಬೇಡಿ.

ಲೆಕ್ಕ: ಒಂದು ಔಷಧಿಯನ್ನು ಪ್ರತಿ ಕಿಲೋಗ್ರಾಂಗೆ 10 ಮಿಲಿಗ್ರಾಂನಂತೆ ಕೊಡಬೇಕು ಎಂದುಕೊಳ್ಳಿ. ಮಗುವಿನ ತೂಕ 25 ಕಿಲೋಗ್ರಾಂ, ಮಾತ್ರೆ 250 ಮಿಲಿಗ್ರಾಂ. ಎಷ್ಟು ಮಾತ್ರೆ ಬೇಕು? ಪ್ರಮಾಣದ ಜಾಗದಲ್ಲಿ 250 ಬರೆದು, ಏಕಮಾನ ಬದಲಿಸದೆ ಬಿಟ್ಟರೆ ಎಷ್ಟಾಗುತ್ತದೆ? ಆ ಉತ್ತರ ಮಗುವಿನ ತೂಕದ ಅಂಕಿಯೇ ಏಕೆ ಆಯಿತು?