ಹಾಸನದ ಮಧ್ಯೆ ಒಂದು ಫ್ಲ್ಯಾಟ್: ಟೇಪ್ ಹಿಡಿದು ಕಲಿತದ್ದು

ಸರ್ವೇಯಿಂಗ್ ಲ್ಯಾಬ್‌ನಲ್ಲಿ ನಾವು ಟೇಪ್ ಹಿಡಿದು ಅಳೆದದ್ದು ಕಾಲೇಜಿನ ಮೈದಾನವನ್ನು ಮಾತ್ರ. ಐದು ಸೆಂಟಿಮೀಟರ್ ತಪ್ಪಾದರೆ ಒಂದು ಮಾರ್ಕ್ಸ್ ಹೋಗುತ್ತಿತ್ತು, ಅಷ್ಟೇ. ಅದೇ ಟೇಪ್ ಹಿಡಿದು ಒಬ್ಬರ ಶುಂಠಿ ದುಡ್ಡನ್ನು ಅಳೆಯುವ ಕೆಲಸ ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ನಾವು ನಾಲ್ಕು ಜನ. ಇಬ್ಬರು ಸಿವಿಲ್, ಒಬ್ಬಳು ಇ.ಸಿ., ಒಬ್ಬ ಕಂಪ್ಯೂಟರ್ ಸೈನ್ಸ್. ಊರುಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಒಬ್ಬ ಹಾಸನದವನೇ. ಅರಕಲಗೂಡಿನ ಗೆಳತಿಯ ಅಪ್ಪ ಶುಂಠಿಗೆ ಬೆಲೆ ಬಂದ ವರ್ಷ ಕೂಡಿಟ್ಟ ದುಡ್ಡಿಗೆ ಒಂದಿಷ್ಟು ಸಾಲ ಸೇರಿಸಿ ಹಾಸನದ ಮಧ್ಯದಲ್ಲಿ ಒಂದು ಫ್ಲ್ಯಾಟ್ ಕೊಳ್ಳೋಣ ಅಂತಿದ್ದರು. ಕಾರಣ ಸರಳ. ಅಜ್ಜಿಗೆ ಸಕ್ಕರೆ ಕಾಯಿಲೆ, ಮಂಡಿನೋವು, ತಿಂಗಳಿಗೆ ಎರಡು ಸಲ ಜಿಲ್ಲಾಸ್ಪತ್ರೆಗೆ ಬರಬೇಕು. ತಮ್ಮ ಪಿಯುಸಿಗೆ ಇಲ್ಲೇ ಸೇರ್ತಾನೆ. ಗೆಳತಿಯೂ ಪಿ.ಜಿ. ಬಿಟ್ಟು ಮನೆಯಲ್ಲಿರಬಹುದು. ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ರೈಲಿದೆ, ಅರಕಲಗೂಡಿಗೆ ಬಸ್ಸೇ ಗತಿ. ಮಂಡಿನೋವಿನವರಿಗೆ ಬಸ್ಸಿನ ಮೊದಲ ಮೆಟ್ಟಿಲೇ ಒಂದು ಬೆಟ್ಟ.

ಬೈಪಾಸ್ ಆಚೆ ಹೊಸ ಲೇಔಟ್‌ನಲ್ಲಿ ಸೈಟ್ ತಗೊಳ್ಳಿ ಅಂತ ಊರಲ್ಲಿ ಎಲ್ಲರೂ ಹೇಳಿದ್ದರಂತೆ. ಫ್ಲ್ಯಾಟ್ ಅಂದ್ರೆ ಗಾಳಿಯಲ್ಲಿ ಜಾಗ ಕೊಂಡಂಗೆ ಅನ್ನೋದು ನಮ್ಮ ಕಡೆಯ ಸಾಮಾನ್ಯ ಅಭಿಪ್ರಾಯ. ಆದರೆ ಸೈಟಿನಲ್ಲಿ ಮನೆ ಏಳೋವರೆಗೆ ಅಜ್ಜಿ ಕಾಯಬೇಕಲ್ಲ. ಅಲ್ಲಿಂದ ಆಸ್ಪತ್ರೆಗೆ ಆಟೋ ಬೇಕು, ಸೊಪ್ಪಿಗೂ ಸ್ಕೂಟರ್ ಬೇಕು. ಊರ ಮಧ್ಯದಲ್ಲಿ ಈಗ ಹಳೇ ಹೆಂಚಿನ ಮನೆಗಳನ್ನು ಕೆಡವಿ ಕೆಳಗೆ ಅಂಗಡಿ, ಮೇಲೆ ನಾಲ್ಕಾರು ಫ್ಲ್ಯಾಟ್ ಕಟ್ಟುವುದು ಶುರುವಾಗಿದೆ. ಅಂಥದ್ದೇ ಒಂದು ಕಟ್ಟಡ ಎನ್.ಆರ್. ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕಿತ್ತು. ಬ್ರೋಕರ್‌ಗೆ 25 ಸಾವಿರ ಟೋಕನ್ ಕೊಟ್ಟ ಮೇಲೆ ಅಂಕಲ್ ಮಗಳಿಗೆ ಫೋನ್ ಮಾಡಿ, "ನಿನ್ ಸಿವಿಲ್ ಫ್ರೆಂಡ್ಸ್‌ನ ಒಂದ್ಸಲ ಕರ್ಕೊಂಡ್ ಬಾರವ್ವ" ಅಂದರು.

ಹೇಳಿದ್ದು 1,180 ಚದರಡಿ, ಎರಡನೇ ಮಹಡಿ, ಚದರಡಿಗೆ 3,800 ರೂಪಾಯಿ. ಒಟ್ಟು 44 ಲಕ್ಷದ 84 ಸಾವಿರ. ಒಳಗೆ ಹೋದ ಕೂಡಲೇ ಅಜ್ಜಿ ಅಂದದ್ದು, "ಅಷ್ಟ್ ದುಡ್ಡಿಗೆ ಇಷ್ಟೇನಾ ಮಗ?" ನಾವು ಟೇಪ್ ಬಿಚ್ಚಿದೆವು. ಹಾಲ್ 18 ಅಡಿಗೆ 11. ಮಲಗುವ ಕೋಣೆಗಳು 12ಕ್ಕೆ 11, 11ಕ್ಕೆ 10. ಅಡುಗೆಮನೆ 10ಕ್ಕೆ 8, ಊಟದ ಜಾಗ 10ಕ್ಕೆ 9, ಎರಡು ಬಾತ್‌ರೂಮ್ ಸೇರಿ ಹೆಚ್ಚುಕಮ್ಮಿ 60. ಕೂಡಿದರೆ 670. ಒಳಗೋಡೆಗಳಿಗೆ 40 ಸೇರಿಸಿದರೆ 710 ಚದರಡಿ. ಎರಡು ಸಲ ಅಳೆದೆವು, ಏಕೆಂದರೆ ಮೊದಲ ಸಲ ನಮ್ಮ ಮೇಲೇ ನಮಗೆ ಅನುಮಾನ.

ಉಳಿದ 470 ಎಲ್ಲಿ ಹೋಯಿತು? ಬಾಲ್ಕನಿ, ಹೊರಗೋಡೆಯ ದಪ್ಪ, ಮೆಟ್ಟಿಲು, ಲಿಫ್ಟ್ ಗುಂಡಿ, ಟೆರೇಸಿನ ನೀರಿನ ಟ್ಯಾಂಕಿನ ಪಾಲು ಎಲ್ಲ ಸೇರಿ ‘ಸೂಪರ್ ಬಿಲ್ಟಪ್’ ಅನ್ನೋ ಲೆಕ್ಕ. ಆ ಪದಕ್ಕೆ ಒಬ್ಬೊಬ್ಬ ಬಿಲ್ಡರ್ ಒಂದೊಂದು ಅರ್ಥ ಹೇಳ್ತಾರೆ. ಆದರೆ ‘ಕಾರ್ಪೆಟ್ ಏರಿಯಾ’ಗೆ 2016ರ ರೇರಾ ಕಾಯ್ದೆಯಲ್ಲೇ ಅರ್ಥ ಕೊಟ್ಟಿದೆ. ಮನೆಯೊಳಗೆ ಬಳಸಲು ಸಿಗುವ ನೆಲ, ಅದರ ಜೊತೆ ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಪೈಪುಗಳ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಹಾಗಾಗಿ ಯಾವ ಫ್ಲ್ಯಾಟ್ ನೋಡಿದರೂ ಒಟ್ಟು ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ. ಇಲ್ಲಿ ಬಂದದ್ದು ಚದರಡಿಗೆ 6,315 ರೂಪಾಯಿ. ಎರಡು ಫ್ಲ್ಯಾಟ್‌ಗಳನ್ನು ಹೋಲಿಸುವುದಾದರೆ ಈ ಸಂಖ್ಯೆಯಿಂದಲೇ ಹೋಲಿಸಬೇಕು. 3,800 ಬರೀ ಬೋರ್ಡ್ ಮೇಲಿನ ಸಂಖ್ಯೆ.

ಇನ್ನೊಂದು ಲೆಕ್ಕ ನಮಗೆ ತುಂಬಾ ಇಷ್ಟವಾಯಿತು, ಬೇಜಾರೂ ಆಯಿತು. ಕಟ್ಟುತ್ತಿರುವ ಫ್ಲ್ಯಾಟ್ ಕೊಂಡರೆ ಜಿ.ಎಸ್.ಟಿ. ಇದೆ. ಕೆಲಸ ಮುಗಿದು ಪ್ರಮಾಣಪತ್ರ ಬಂದ ಮೇಲೆ ಮಾರುವುದಕ್ಕೆ ಇಲ್ಲ. 2019ರ ಏಪ್ರಿಲ್‌ನಿಂದ ಸಾಮಾನ್ಯ ಫ್ಲ್ಯಾಟ್‌ಗೆ ಶೇ. 5, ಕೈಗೆಟುಕುವ ಮನೆಗೆ ಶೇ. 1. ಹಾಸನದಂಥ ಮಹಾನಗರವಲ್ಲದ ಊರಲ್ಲಿ ಕಾರ್ಪೆಟ್ ಏರಿಯಾ 90 ಚದರ ಮೀಟರ್ ಒಳಗೆ, ಬೆಲೆ 45 ಲಕ್ಷದೊಳಗೆ ಇದ್ದರೆ ಅದು ಕೈಗೆಟುಕುವ ಮನೆ. 710 ಚದರಡಿ ಅಂದರೆ 66 ಚದರ ಮೀಟರ್, ಬೆಲೆ 44.84 ಲಕ್ಷ. ಪಾಸ್! ಆದರೆ ಬ್ರೋಕರ್ ಕಾರ್ ಪಾರ್ಕಿಂಗ್‌ಗೆ ಬೇರೆ ಒಂದೂವರೆ ಲಕ್ಷ ಅಂದಿದ್ದ. ಬಿಲ್ಡರ್ ವಸೂಲಿ ಮಾಡುವ ಪಾರ್ಕಿಂಗ್ ದುಡ್ಡೂ ಆ 45 ಲಕ್ಷದ ಮಿತಿಯೊಳಗೇ ಲೆಕ್ಕಕ್ಕೆ ಬರುತ್ತೆ. ಒಟ್ಟು 46.34 ಲಕ್ಷ ಆಯಿತು, ತೆರಿಗೆ 45 ಸಾವಿರದಿಂದ 2 ಲಕ್ಷದ 31 ಸಾವಿರಕ್ಕೆ ಹಾರಿತು. ಅಂಕಲ್ ಹತ್ತಿರ ಕಾರೇ ಇಲ್ಲ.

ಮೆಟ್ಟಿಲಿನ ವಿಷಯಕ್ಕೆ ಬರೋಣ. ಲಿಫ್ಟ್ "ಬರತ್ತೆ ಸರ್" ಅಂದರು, ನಾವು ನೋಡಿದ್ದು ಗುಂಡಿ ಮಾತ್ರ. ಮೆಟ್ಟಿಲಿನ ಎತ್ತರ ಅಳೆದರೆ ಎಂಟೂವರೆ ಇಂಚು, ಅಂದರೆ 216 ಮಿ.ಮೀ. ಕಾಲಿಡುವ ಅಗಲ ಒಂಬತ್ತು ಇಂಚು, 229 ಮಿ.ಮೀ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕಟ್ಟಡಗಳಿಗೆ ಹೇಳುವುದು ಎತ್ತರ 190 ಮೀರಬಾರದು, ಅಗಲ 250ಕ್ಕೆ ಕಮ್ಮಿ ಆಗಬಾರದು ಅಂತ. ಸಿವಿಲ್‌ನವರಿಗೆ ಇದು ಪರೀಕ್ಷೆಯಲ್ಲಿ ಬರುವ ಎರಡು ಮಾರ್ಕ್ಸ್ ಪ್ರಶ್ನೆ. ಅಜ್ಜಿ ಮಧ್ಯದ ತಿರುವಿನಲ್ಲಿ ಗೋಡೆ ಹಿಡಿದು ನಿಂತಾಗ ಆ 26 ಮಿ.ಮೀ. ಏನು ಅಂತ ಗೊತ್ತಾಯಿತು. ಒಬ್ಬ ಕೈ ಕೊಡೋಕೆ ಹೋದ. "ಬುಡ್ಲಾ, ಹತ್ತೀನಿ" ಅಂದರು. ಹತ್ತಿದರು ಕೂಡ. ಇಳಿಯುವಾಗ ಮಾತ್ರ ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿದರು.

ನೀರಿಗೆ ಒಂದು ಸಣ್ಣ ಲೆಕ್ಕ ಸಾಕು. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಪಠ್ಯದ ಮಾನದಂಡ. ಎಂಟು ಮನೆ, ಮನೆಗೆ ನಾಲ್ಕು ಜನ ಅಂದರೆ ದಿನಕ್ಕೆ 4,320 ಲೀಟರ್. ಹಾಸನಕ್ಕೆ ಹೇಮಾವತಿ ನೀರು ಬರುತ್ತೆ ನಿಜ, ಆದರೆ ಬೇಸಿಗೆಯಲ್ಲಿ ಮೂರು ದಿನ ನಲ್ಲಿ ಬರಲಿಲ್ಲ ಅಂದುಕೊಳ್ಳಿ. 13 ಸಾವಿರ ಲೀಟರಿನ ಸಂಪ್ ಬೇಕು. ಇದ್ದದ್ದು 12 ಸಾವಿರದ್ದು. ಇದೊಂದು ಪರವಾಗಿಲ್ಲ ಅಂದುಕೊಂಡೆವು.

ಕಟ್ಟಡ ಬಿಟ್ಟು ಬೀದಿ ನೋಡುವುದು ಹೇಗೆ? ಬ್ರೋಕರ್ "ಎಲ್ಲಾ ವಾಕಬಲ್ ಡಿಸ್ಟೆನ್ಸ್" ಅಂದ. ಯಾರ ವಾಕು? ನಾವು ಗಂಟೆಗೆ ಐದು ಕಿ.ಮೀ. ನಡೀತೀವಿ, ಹದಿನೈದು ನಿಮಿಷಕ್ಕೆ 1,250 ಮೀಟರ್. ಅಜ್ಜಿ ಜೊತೆ ನಡೆದು ಟೈಮ್ ನೋಡಿದಾಗ ಹದಿನೈದು ನಿಮಿಷಕ್ಕೆ ಸುಮಾರು 600 ಮೀಟರ್ ಆಯಿತು. ಮ್ಯಾಪ್‌ನಲ್ಲಿ 600 ಮೀಟರಿನ ವೃತ್ತ ಎಳೆದೆವು. ತ್ರಿಜ್ಯ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತೆ. ನಮ್ಮ ವೃತ್ತದಲ್ಲಿದ್ದ ಎಷ್ಟೋ ಜಾಗ ಅಜ್ಜಿಯ ವೃತ್ತದಿಂದ ಹೊರಗೆ ಬಿದ್ದವು. ನಿಮ್ಮ ಮನೆಯಲ್ಲಿ ಅತಿ ನಿಧಾನ ನಡೆಯುವವರು ಯಾರೋ ಅವರ ವೃತ್ತವನ್ನೇ ಎಳೆಯಿರಿ. ಮತ್ತೆ ‘ಬಸ್ ಸ್ಟ್ಯಾಂಡ್ ಪಕ್ಕ’ ಅಂದರೆ ಯಾವುದು ಅಂತ ಕೇಳಿ. ಹಾಸನದಲ್ಲಿ ಹಳೇ ಬಸ್ ಸ್ಟ್ಯಾಂಡ್ ಈಗ ಸಿಟಿ ಬಸ್ಸುಗಳಿಗೆ. ಅರಕಲಗೂಡಿನ ಬಸ್ಸಿಳಿಯುವುದು ಬಿ.ಎಂ. ರಸ್ತೆಯ ಹೊಸ ನಿಲ್ದಾಣದಲ್ಲಿ.

ಬೀದಿಗೆ ಮೂರು ಹೊತ್ತಿನಲ್ಲಿ ಹೋಗಿದ್ದೆವು. ಬೆಳಗ್ಗೆ ಆರೂವರೆಗೆ ಹೂವು, ಸೊಪ್ಪಿನವರು, ಹಾಲಿನವರು. ಮಧ್ಯಾಹ್ನ ಗೂಡ್ಸ್ ಆಟೋಗಳ ಹಾರನ್ ತಡೆಯೋಕಾಗಲ್ಲ. ರಾತ್ರಿ ಒಂಬತ್ತೂವರೆಗೆ ಹೆದರುತ್ತಲೇ ಹೋದೆವು. ನಮ್ಮ ಗೆಳತಿ ಟ್ಯೂಷನ್ ಮುಗಿಸಿ ಬರುವ ಹೊತ್ತು ಅದು. ಮೆಡಿಕಲ್ ಶಾಪ್ ತೆರೆದಿತ್ತು, ಬೇಕರಿಯವರು ಬಾಗಿಲು ಎಳೀತಿದ್ದರು, ಮೇಲಿನ ಮನೆಗಳಲ್ಲಿ ದೀಪ. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ಬರೆದಿದ್ದರು, ಅಂಗಡಿ ಮತ್ತು ಮನೆ ಒಂದೇ ಬೀದಿಯಲ್ಲಿದ್ದರೆ ಬೀದಿಯ ಮೇಲೆ ಸದಾ ಕಣ್ಣಿರುತ್ತೆ ಅಂತ. ಹೊಸ ಲೇಔಟ್‌ಗಳಲ್ಲಿ ಆ ಹೊತ್ತಿಗೆ ನಾಯಿಗಳು ಮಾತ್ರ. ಈ ಒಂದು ವಿಷಯದಲ್ಲಿ ಊರ ಮಧ್ಯಕ್ಕೆ ನಮ್ಮ ನಾಲ್ಕೂ ಓಟು. ಆದರೆ ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದಾಗ ಹಳೇ ಬೀದಿಗಳಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ದಿನಗಳಲ್ಲಿ ಆಂಬುಲೆನ್ಸ್ ಯಾವ ಕಡೆಯಿಂದ ಬರುತ್ತೆ ಅಂತ ಅಕ್ಕಪಕ್ಕದವರನ್ನು ಕೇಳಿಟ್ಟುಕೊಳ್ಳಬೇಕು. ಕೆರೆ ಅನ್ನೋ ಪದ ಹೆಸರಲ್ಲಿರುವ ಜಾಗಗಳೂ ಹಾಸನದ ನಡುವೆ ಇವೆ, ಕಟ್ಟಿನಕೆರೆಯ ಹಾಗೆ. ಮೊಬೈಲ್‌ನ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತೆ, ಅದನ್ನು ಹಿಡಿದು ಕೆರೆ ಅಂಗಳವೋ ಅಲ್ಲವೋ ನೋಡಿ.

ಇನ್ನು ಕಾಗದ ಪತ್ರ. ಇಲ್ಲಿ ನಾವು ಪೂರ್ತಿ ಫೇಲ್. ನಮ್ಮಲ್ಲಿ ಮೂರು ಜನ ಎಲ್.ಕೆ.ಜಿ.ಯಿಂದ ಇಂಗ್ಲಿಷ್ ಮೀಡಿಯಂ. ‘ಚೆಕ್ಕುಬಂದಿ’ ಅಂದರೆ ಚೆಕ್‌ಗೆ ಸಂಬಂಧಪಟ್ಟದ್ದು ಅಂತ ಒಬ್ಬ ವಾದ ಮಾಡಿದ! ಅದು ಜಾಗದ ನಾಲ್ಕು ಕಡೆಯ ಗಡಿ. ‘ಋಣಭಾರ ಪ್ರಮಾಣಪತ್ರ’ ಅಂದರೆ ನಾವು ಇ.ಸಿ. ಅನ್ನೋದೇ, ಆ ಆಸ್ತಿಯ ಮೇಲೆ ಯಾವ ಕ್ರಯ, ಯಾವ ಸಾಲ ನೋಂದಣಿಯಾಗಿದೆ ಅನ್ನೋ ಪಟ್ಟಿ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಪಹಣಿ ಓದಿ ಪಳಗಿದ ಅಂಕಲ್ ಇವೆಲ್ಲವನ್ನೂ ನಮಗೆ ಪೇಪರ್ ಓದಿದಂತೆ ಓದಿ ಹೇಳಿದರು.

ರೇರಾ ನಂಬರ್ ಕೇಳಿದಾಗ ಬಿಲ್ಡರ್ ಕಡೆಯವರು "ನಮಗೆ ಬೇಕಾಗಿಲ್ಲ" ಅಂದರು. ಅದು ಸುಳ್ಳಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟ್‌ಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ಇಲ್ಲಿ ಅರವತ್ತು ನಲವತ್ತರ ಎರಡು ಸೈಟು, 4,800 ಚದರಡಿ, ಅಂದರೆ 446 ಚದರ ಮೀಟರ್, ಫ್ಲ್ಯಾಟ್ ಸರಿಯಾಗಿ ಎಂಟು. ಊರ ಮಧ್ಯದ ಸೈಟುಗಳೇ ಚಿಕ್ಕವು, ಹಾಗಾಗಿ ಇಂಥ ಕಟ್ಟಡಗಳೇ ಹೆಚ್ಚು. ಆಗ ನೋಡುವ ಕೆಲಸವೆಲ್ಲ ಕೊಳ್ಳುವವರ ತಲೆ ಮೇಲೆ. ಕಟ್ಟಡ ನಕ್ಷೆ, ಇ-ಖಾತೆ, ಸ್ವಾಧೀನಾನುಭವ ಪ್ರಮಾಣಪತ್ರ ಮೂರನ್ನೂ ಕೇಳಿ. ಕೊನೆಯದಿಲ್ಲದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಬರೀ ಕಾಗದ ಅಲ್ಲ.

ಕರಾರಿನ ಕರಡಿನಲ್ಲಿ ಫ್ಲ್ಯಾಟ್‌ಗೆ ಸೇರುವ ‘ಅವಿಭಜಿತ ಹಕ್ಕು’ 350 ಚದರಡಿ ಅಂತಿತ್ತು. ಫ್ಲ್ಯಾಟ್ ಕೊಂಡವರಿಗೆ ನೆಲದಲ್ಲೂ ಪಾಲಿರುತ್ತೆ, ಐವತ್ತು ವರ್ಷದ ನಂತರ ಕಟ್ಟಡ ಬಿದ್ದರೆ ಉಳಿಯುವುದು ಅದೊಂದೇ. ಎಂಟು ಮನೆಗೆ 2,800 ಆಯಿತು. 4,800ರಲ್ಲಿ ಉಳಿದ 2,000? ಕೆಳಗಿನ ಎರಡು ಅಂಗಡಿಗೆ, ಅಂದರೆ ಜಾಗದ ಮಾಲೀಕರಿಗೆ. ಗಾಳಿಯಲ್ಲಿ ಜಾಗ ಕೊಂಡಂಗೆ ಅನ್ನೋ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅನ್ನಿಸಿದ್ದು ಆಗ. ಎರಡು ದಿನದಲ್ಲಿ ಐದು ಲಕ್ಷ ಕಟ್ಟಿ ಅಂತ ಬೇರೆ ಒತ್ತಾಯ. ನೋಂದಾಯಿಸಿದ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತಗೊಳ್ಳುವಂತಿಲ್ಲ ಅಂತ ರೇರಾ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. 44.84 ಲಕ್ಷದ ಶೇ. 10 ಅಂದರೆ ನಾಲ್ಕೂವರೆ ಲಕ್ಷದ ಒಳಗೆ.

ಇಷ್ಟೆಲ್ಲ ಎಕ್ಸೆಲ್‌ನಲ್ಲಿ ಹಾಕಿ, ಬೆಲೆ ಇಳಿಸಿದರೆ ತಗೋಬಹುದು ಅಂತ ನಾವು ಹೇಳೋದರಲ್ಲಿದ್ದೆವು. ಅಂಕಲ್ ಮಾತ್ರ ಜಾಗದ ಹಳೇ ವಿಭಾಗಪತ್ರ ತಿರುವುತ್ತಾ ಕೂತಿದ್ದರು. ಅಣ್ಣತಮ್ಮಂದಿರು 2011ರಲ್ಲಿ ಪಾಲು ಮಾಡಿಕೊಂಡ ಪತ್ರ ಅದು. "ಇವ್ರಿಗೆ ತಂಗಿ ಒಬ್ಳು ಇದ್ದಾಳಲ್ಲ, ಅವ್ಳ ಸೈನ್ ಎಲ್ಲಿ?" ಅಂತ ಕೇಳಿದರು. ವಂಶವೃಕ್ಷದಲ್ಲಿ ಹೆಸರಿತ್ತು, ವಿಭಾಗಪತ್ರದಲ್ಲಿ ಇರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆಕೆ ನಾಳೆ ಕೋರ್ಟಿಗೆ ಹೋದರೆ ಎಂಟು ಮನೆಯವರೂ ಪ್ರತಿವಾದಿಗಳು. ಇದನ್ನು ಅಂಕಲ್ ಹೇಗೆ ಹಿಡಿದರು ಅಂತ ಕೇಳಿದೆವು. "ನಮ್ ಅಕ್ಕಂದೂ ಹಂಗೇ ಮಾಡಿದ್ವಿ. ಆಮೇಲೆ ಕರೆದು ಕೊಟ್ವಿ" ಅಂದರು, ಅಷ್ಟೇ. ಗೆಳತಿಗೂ ಆವತ್ತೇ ಗೊತ್ತಾಗಿದ್ದು.

ತಂಗಿಯ ಹಕ್ಕುಬಿಡುಗಡೆ ಪತ್ರ ತನ್ನಿ, ಆಮೇಲೆ ಮಾತಾಡೋಣ ಅಂತ ಅಂಕಲ್ ಎದ್ದು ಬಂದರು. ಅದು ಈವರೆಗೂ ಬಂದಿಲ್ಲ. ಸದ್ಯ ಅದೇ ಬೀದಿಯ ಹಿಂದೆ, ನೆಲಮಹಡಿಯ ಒಂದು ಹಳೇ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ, ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ ಹನ್ನೊಂದು ಬರೆಸೋದು. ಮುಂದೆ ಎರಡು ಮೆಟ್ಟಿಲು, ಪುಟ್ಟ ಜಗಲಿ. ಅಜ್ಜಿ ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಹೋಗುವವರನ್ನೆಲ್ಲ ಯಾವೂರು ಅಂತ ವಿಚಾರಿಸ್ತಾರೆ. ಟೋಕನ್ ದುಡ್ಡಲ್ಲಿ 15 ಸಾವಿರ ವಾಪಸ್ ಬಂದಿದೆ, ಇನ್ನೂ ಹತ್ತು ಬರಬೇಕು. ಚನ್ನರಾಯಪಟ್ಟಣದ ಗೆಳೆಯನ ಮಾವ ಅಲ್ಲೊಂದು ಮನೆ ನೋಡಿದ್ದಾರಂತೆ, ಬರೋ ಭಾನುವಾರ ಟೇಪ್ ತಗೊಂಡು ರೈಲು ಹತ್ತುತ್ತೇವೆ. ಈ ಸಲ ಅಂಕಲ್ ಕೂಡ ಬರ್ತಾರೆ.