ಮಾವಿನ ದುಡ್ಡು ಬರುವ ತಿಂಗಳಲ್ಲಿ ಬಿಸಿಲಿರುವ ಕಡಲು ಯಾವುದು?

ಮಾಲ್ಡೀವ್ಸೋ ಶ್ರೀಲಂಕಾನೋ ಅನ್ನುವ ಜಗಳ ಶುರುವಾದದ್ದು ಮುಳಬಾಗಿಲಿನ ಅಮ್ಮನ ಮನೆಯಲ್ಲಿ, ದೋಸೆ ಕಾವಲಿಯ ಮುಂದೆ. ಮಗಳು ಫೋನಿನಲ್ಲಿ ನೀಲಿ ನೀರನ್ನೂ ಅದರ ಮೇಲೆ ಕಂಬ ನೆಟ್ಟು ಕಟ್ಟಿದ ಗುಡಿಸಲುಗಳನ್ನೂ ತೋರಿಸಿದಳು. ಮಾಲೂರಿನಿಂದ ಬಂದಿದ್ದ ಅಕ್ಕ "ಹೋದ್ರೆ ಇಲ್ಲಿಗೇ" ಅಂದಳು. ಭಾವ "ಲಂಕೆ ಸಾಕು ಬಿಡು, ಎಲ್ಲಿ ಹೋದ್ರೂ ಅದೇ ಉಪ್ಪು ನೀರು" ಅಂದರು. ಅಮ್ಮ ದೋಸೆಗೆ ತುಪ್ಪ ಬಿಡುತ್ತಾ, ದುಡ್ಡಿನ ಮಾತು ಬಂದಾಗಲೆಲ್ಲ ಆಡುವ ತೆಲುಗಿನಲ್ಲಿ, "ಎಂತ ಅವುತುಂದಿ?" ಅಂತ ಕೇಳಿದಳು. ಎಷ್ಟಾಗುತ್ತೆ?

ನಾನು ಕೋಲಾರದಲ್ಲಿ ಮಂಡಿಯವರ, ಅಂಗಡಿಯವರ ಲೆಕ್ಕ ಬರೆಯುವವಳು. ಎಷ್ಟು ಅನ್ನುವುದಕ್ಕಿಂತ ಮೊದಲು ಯಾವಾಗ ಅಂತ ಕೇಳಬೇಕು ಅನ್ನುವುದನ್ನು ಆ ಕೆಲಸವೇ ಕಲಿಸಿದೆ. ನಮ್ಮ ಕಡೆ ದುಡ್ಡಿಗೂ ಕಾಲ ಇದೆ. ಮಾವನವರ ಮಾವಿನ ತೋಟ ಶ್ರೀನಿವಾಸಪುರದ ಹತ್ತಿರ. ಬಾದಾಮಿ, ಬೇನಿಷಾ ಸ್ವಲ್ಪ, ಉಳಿದದ್ದೆಲ್ಲ ತೋತಾಪುರಿ. ಅಲ್ಲಿ ಕೈಗೆ ಕಾಸು ಬರುವುದು ಜೂನ್-ಜುಲೈನಲ್ಲಿ. ಭಾವನದು ಮಾಲೂರಿನಲ್ಲಿ ಇಟ್ಟಿಗೆ ಗೂಡು. ಮಳೆ ಹಿಡಿದರೆ ಹಸಿ ಇಟ್ಟಿಗೆ ಒಣಗುವುದಿಲ್ಲ, ಗೂಡು ನಿಲ್ಲುತ್ತದೆ, ಅವರಿಗೆ ಬಿಡುವು ಸಿಗುವುದು ಆಗ ಮಾತ್ರ. ಹಾಗಾಗಿ ಎರಡೂ ಮನೆಯವರು ಒಟ್ಟಿಗೆ ಹೊರಡುವುದಾದರೆ ಜುಲೈ ಕೊನೆ, ಇಲ್ಲವೇ ಆಗಸ್ಟ್. ಗೋಕರ್ಣಕ್ಕೆ ಹೋಗಬಹುದಿತ್ತಲ್ಲ ಅಂತ ಕೇಳಿದವರಿದ್ದಾರೆ. ಆ ತಿಂಗಳಲ್ಲಿ ಅವರು ಗೋಕರ್ಣ ನೋಡಿಲ್ಲ.

ಮಾಲ್ಡೀವ್ಸ್‌ನ ಒಣ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ಮೇನಿಂದ ಅಕ್ಟೋಬರ್‌ವರೆಗೆ ನೈರುತ್ಯ ಮುಂಗಾರು. ಆಗ ಅಲ್ಲಿ ರೂಮು ಅಗ್ಗ ಅಂತ ಜಾಹೀರಾತು ಬರುವುದು ಅದಕ್ಕೇ. ಲಂಕೆಯಲ್ಲೂ ಎಲ್ಲರೂ ಹೇಳುವ ಬೆಂಟೋಟ, ಗಾಲೆ, ಮಿರಿಸ್ಸ ತೀರಗಳೆಲ್ಲ ನೈರುತ್ಯಕ್ಕೆ ಮುಖ ಮಾಡಿ ನಿಂತವು. ಅವಕ್ಕೂ ಡಿಸೆಂಬರ್ ಮೇಲೆಯೇ ಒಳ್ಳೆಯ ದಿನ. ಆದರೆ ಲಂಕೆಗೆ ಇನ್ನೊಂದು ಪಕ್ಕ ಇದೆ. ಮಂಗಳೂರಿನಲ್ಲಿ ಸುರಿದು ಸುಸ್ತಾದ ಮೋಡ ಕೋಲಾರಕ್ಕೆ ಬರುವಾಗ ಖಾಲಿಯಾಗಿರುತ್ತಲ್ಲ, ಅಲ್ಲಿಯೂ ಹಾಗೇ: ನಡುವಿನ ಬೆಟ್ಟಗಳು ಮಳೆ ತಡೆದುಕೊಂಡು ಪೂರ್ವ ತೀರದ ತ್ರಿಂಕೋಮಲಿ, ನಿಲಾವೇಲಿ, ಪಾಸಿಕುಡಾ ಕಡೆ ಮೇನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಬಿಡುತ್ತವೆ. ಮಳೆ ನೆರಳಿನಲ್ಲೇ ಹುಟ್ಟಿ ಬೆಳೆದ ನಮಗೆ ಈ ಭೂಗೋಳವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಕ್ಕ ಒಪ್ಪಲಿಲ್ಲ. ಬೆಂಗಳೂರಿನ ಒಬ್ಬ ಏಜೆಂಟ್ ಹತ್ತಿರ ಮಾತಾಡಿಯೇಬಿಟ್ಟಿದ್ದಳು: ಮಾಲ್ಡೀವ್ಸಿನಲ್ಲಿ ನಾಲ್ಕು ರಾತ್ರಿ, ತಲೆಗೆ 58,000, "ಎಲ್ಲಾ ಸೇರಿ ಮೇಡಂ". ಆರು ಜನಕ್ಕೆ 3,48,000. ಎಲ್ಲಾ ಅಂದರೆ ಏನೇನು ಅಂತ ಬರೆದು ಕಳಿಸಿ ಅಂದೆ. ಎರಡು ದಿನ ಬಿಟ್ಟು ಬಂದ ಹಾಳೆಯಲ್ಲಿ ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಹೋಗುವ ಸ್ಪೀಡ್‌ಬೋಟ್ ಇರಲಿಲ್ಲ. ಪ್ರವಾಸಿಗರು ಅಲ್ಲಿ ಕಟ್ಟಬೇಕಾದ ಗ್ರೀನ್ ಟ್ಯಾಕ್ಸ್ ಇರಲಿಲ್ಲ. ಮಗಳು ತೋರಿಸಿದ ಗುಡಿಸಲಂತೂ ಇರಲೇ ಇಲ್ಲ. ಅದು ರೆಸಾರ್ಟಿನದು, ಇದು ಊರಿರುವ ದ್ವೀಪದ ಗೆಸ್ಟ್‌ಹೌಸ್.

ಗೆಸ್ಟ್‌ಹೌಸ್ ಕೆಟ್ಟದ್ದಲ್ಲ. ಮಾಫುಶಿಯಂಥ ದ್ವೀಪಗಳಲ್ಲಿ ಅವು ಬಂದಮೇಲೆಯೇ ನಮ್ಮಂಥವರು ಮಾಲ್ಡೀವ್ಸ್ ಹೆಸರೆತ್ತುವ ಹಾಗಾದದ್ದು. ಆದರೆ ಅಲ್ಲಿನ ಬಿಲ್ಲು ಹೇಗೆ ಬೆಳೆಯುತ್ತದೆ ನೋಡಿ. ರೂಮು 90 ಡಾಲರ್ ಅಂತ ಇದ್ದರೆ 10% ಸರ್ವೀಸ್ ಚಾರ್ಜ್ ಸೇರಿ 99. ಆ 99ರ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈ 1ರಿಂದ ಅದು 17%. ಅಲ್ಲಿಗೆ 115.83. ಸಣ್ಣ ಗೆಸ್ಟ್‌ಹೌಸಿನಲ್ಲಿ ಗ್ರೀನ್ ಟ್ಯಾಕ್ಸ್ ತಲೆಗೆ ರಾತ್ರಿಗೆ 6 ಡಾಲರ್, ಇಬ್ಬರಿಗೆ 12. ಒಟ್ಟು ಸುಮಾರು 128. ಡಾಲರಿಗೆ 86 ರೂಪಾಯಿ ಹಿಡಿದರೆ 7,740ರ ರೂಮು 11,000 ಆಯಿತು. ರೆಸಾರ್ಟಿನಲ್ಲಾದರೆ ಗ್ರೀನ್ ಟ್ಯಾಕ್ಸೇ ತಲೆಗೆ 12 ಡಾಲರ್. 2024ರ ಜನವರಿಯಲ್ಲಿ ಭಾರತಕ್ಕೂ ಮಾಲ್ಡೀವ್ಸಿಗೂ ಆದ ರಾಜಕೀಯ ಜಗಳದ ಮೇಲೆ ಅಲ್ಲಿಗೆ ಹೋಗುವ ಭಾರತೀಯರು 2023ರ 2.09 ಲಕ್ಷದಿಂದ 1.3 ಲಕ್ಷಕ್ಕೆ ಇಳಿದರು. ಗಿರಾಕಿ ಕಮ್ಮಿಯಾದರೆ ರೇಟು ಬೀಳಬೇಕು ಅನ್ನುವುದು ನಮ್ಮ ಎಪಿಎಂಸಿ ಬುದ್ಧಿ. ಅಲ್ಲಿ ತೆರಿಗೆ ಏರಿತು.

ಇನ್ನೊಂದು ಗಂಟು ಮಾವನವರ ಹೆಸರಿನಲ್ಲಿತ್ತು. ಮಾವಿನ ದುಡ್ಡು ಅವರ ಖಾತೆಗೆ ಬರುವುದು, ಪ್ಯಾಕೇಜಿಗೆ ಅವರೇ ಕಟ್ಟಲಿ ಅಂತ ಅಕ್ಕನ ಯೋಜನೆ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಏಜೆಂಟ್ ಟಿಸಿಎಸ್, ಅಂದರೆ ಮುಂಚಿತವಾಗಿ ಆದಾಯ ತೆರಿಗೆ, ಹಿಡಿಯಬೇಕು. ನಾವು ವಿಚಾರಿಸಿದಾಗ 10 ಲಕ್ಷದವರೆಗೆ 5% ಇತ್ತು. 3,48,000ಕ್ಕೆ 17,400. ರಿಟರ್ನ್ಸ್ ಹಾಕುವವರಿಗೆ ಇದು ನಷ್ಟವಲ್ಲ, ತೆರಿಗೆ ಇಲಾಖೆಯ ಫಾರಂ 26ಎಎಸ್‌ನಲ್ಲಿ ಕಾಣುತ್ತದೆ, ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಮಾವನವರದು ಬರೀ ಬೇಸಾಯದ ಆದಾಯ. ಅದಕ್ಕೆ ತೆರಿಗೆ ಇಲ್ಲ, ಅವರು ಜನ್ಮದಲ್ಲಿ ರಿಟರ್ನ್ಸ್ ಹಾಕಿದವರಲ್ಲ. ಹಾಕದಿದ್ದರೆ 17,400 ಅಲ್ಲೇ ಕೂತಿರುತ್ತದೆ. ಪ್ಯಾನ್‌ಗೆ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರಂತೂ ಆಗ ಹಿಡಿಯುತ್ತಿದ್ದದ್ದು ಎರಡರಷ್ಟು. ತೋಟದ ದುಡ್ಡಿನಲ್ಲಿ ಮಕ್ಕಳನ್ನು ವಿದೇಶಕ್ಕೆ ಕಳಿಸುವ ಹಿರಿಯರು ನಮ್ಮ ತಾಲ್ಲೂಕುಗಳಲ್ಲಿ ಈಗ ಎಷ್ಟೋ ಜನ ಇದ್ದಾರೆ. ರಿಟರ್ನ್ಸ್ ಹಾಕುವವರ ಹೆಸರಿನಲ್ಲೇ ಕಟ್ಟಿಸಿ.

ಕೊನೆಗೆ ತೀರ್ಮಾನ ಮಾಡಿದ್ದು ನಾವ್ಯಾರೂ ಅಲ್ಲ, ತೋತಾಪುರಿ. 2025ರ ಜೂನ್ 7ರಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂದಿತು. ನಮ್ಮ ಕಾಯಿ ಹೋಗುತ್ತಿದ್ದದ್ದೇ ಅಲ್ಲಿನ ತಿರುಳಿನ ಕಾರ್ಖಾನೆಗಳಿಗೆ. ಶ್ರೀನಿವಾಸಪುರ ಬಂದ್ ಆಯಿತು, ರಸ್ತೆಗೆ ಹಣ್ಣು ಸುರಿದರು. ಆಮೇಲೆ ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಅಷ್ಟು ಹೊತ್ತಿಗೆ ಮಾವನವರು ಎಷ್ಟೋ ಮರಗಳ ಕಾಯಿ ಕೀಳಿಸುವುದನ್ನೇ ಬಿಟ್ಟಿದ್ದರು. ಕೂಲಿ, ಲಾರಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಪ್ರವಾಸಕ್ಕೆ ಉಳಿದದ್ದು ಹೆಚ್ಚುಕಮ್ಮಿ ನನ್ನ ಚೀಟಿ ದುಡ್ಡು ಒಂದೇ. ಮೂರು ಲಕ್ಷದ ಚೀಟಿಯನ್ನು 2,58,000ಕ್ಕೆ ಕೂಗಿ ಎತ್ತಿದ್ದೆ. ಊರವರಿಗೆಲ್ಲ ಲೆಕ್ಕ ಹೇಳುವವಳು ತಿರುಗಾಟಕ್ಕೆ 42,000 ಬಿಟ್ಟುಕೊಟ್ಟಳು ಅನ್ನುವುದು ಈ ಅಂಕಣದಿಂದ ಹೊರಗೆ ಹೋಗಬಾರದು.

ಆಗಸ್ಟ್‌ನಲ್ಲಿ ಲಂಕೆಗೆ ಹೊರಟೆವು. ಪ್ಯಾಕೇಜ್ ಇಲ್ಲ, ಟಿಕೆಟ್ಟೂ ರೂಮೂ ನಾವೇ ಬೇರೆಬೇರೆಯಾಗಿ ಮಾಡಿಕೊಂಡೆವು. ಲಂಕೆಯ ವೀಸಾ ನಿಯಮ, ಶುಲ್ಕ 2023ರಿಂದ ಈಚೆಗೆ ಹಲವು ಸಲ ಬದಲಾಗಿವೆ, ಸರ್ಕಾರಿ ತಾಣದಲ್ಲೇ ನೋಡಿಕೊಳ್ಳಿ. ಅದರಂತೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚು ಕೀಳುತ್ತವೆ. ಕಟುನಾಯಕೆ ವಿಮಾನ ನಿಲ್ದಾಣದಲ್ಲಿ ಇಳಿದು ವ್ಯಾನ್ ಹತ್ತಿದರೆ ತ್ರಿಂಕೋಮಲಿಗೆ ಆರು ತಾಸಿನ ದಾರಿ. ಕಂತಲೆ ಹತ್ತಿರ ರಸ್ತೆ ಪಕ್ಕದಲ್ಲೇ ಹಳೇ ಕಾಲದ ಕೆರೆ. ಅಲ್ಲಿಗೆ ಅದು ಒಣ ಕಾಲ, ನೀರು ಇಳಿದಿತ್ತು. ಆದರೂ ಆ ದಡ ಕಾಣದಷ್ಟು ಇತ್ತು. ಭಾವ ವ್ಯಾನ್ ನಿಲ್ಲಿಸಿದರು. ಕಡಲಿಗೆ ಇನ್ನೂ ಒಂದು ತಾಸಿರುವಾಗ ಕೋಲಾರ ಜಿಲ್ಲೆಯ ಆರು ಜನ ಏರಿಯ ಮೇಲೆ ನಿಂತು ಕೆರೆ ನೋಡಿದೆವು. ಅಮ್ಮ ತೂಬು ಎಲ್ಲಿದೆ ಅಂತ ಹುಡುಕುತ್ತಿದ್ದಳು.

ಲಂಕೆಯ ರೂಪಾಯಿ ಆಗ ನಮ್ಮ ಒಂದಕ್ಕೆ ಸುಮಾರು ಮೂರೂವರೆ ಇತ್ತು. ಹೆಸರು ಒಂದೇ ಆದದ್ದರಿಂದ ಮೊದಲ ದಿನ ಎಲ್ಲದಕ್ಕೂ ಎದೆ ಧಸಕ್ ಅನ್ನುತ್ತದೆ. ಕೇಸರಿ ಬಣ್ಣದ ಎಳನೀರು, ತಂಬಿಲಿ ಅನ್ನುತ್ತಾರೆ, 200 ಅಂದಾಗ ಅಮ್ಮ ಕೆಳಗಿಟ್ಟುಬಿಟ್ಟಳು. 57 ರೂಪಾಯಿ ಅಂತ ತಿಳಿದ ಮೇಲೆ ಎತ್ತಿಕೊಂಡಳು. ಎರಡನೆಯ ದಿನದಿಂದ ಉಲ್ಟಾ, ಎಲ್ಲವೂ ಅಗ್ಗ ಅನ್ನಿಸಿ ಕೈ ಸಡಿಲವಾಗುತ್ತದೆ. ಅದು ಇನ್ನೂ ಅಪಾಯ. 2024ರ ಫೆಬ್ರವರಿಯಿಂದ ಲಂಕೆಯಲ್ಲಿ ಯುಪಿಐ ನಡೆಯುತ್ತದೆ, ಆದರೆ ಎಲ್ಲ ಅಂಗಡಿಯಲ್ಲಿ ಅಲ್ಲ, ನೋಟು ಇರಲೇಬೇಕು. ಭಾಷೆಗೆ ತ್ರಿಂಕೋಮಲಿಯಲ್ಲಿ ಕಷ್ಟವೇ ಆಗಲಿಲ್ಲ. ಅಮ್ಮನ ಮುಳಬಾಗಿಲು ತಮಿಳು ಅಲ್ಲಿನ ಕೋಣೇಶ್ವರ ದೇವಸ್ಥಾನದ ಹೂವಿನವಳ ಹತ್ತಿರ ಚೌಕಾಸಿಗೆ ಸಾಕಾಯಿತು.

ಎಡವಿದ್ದು ನಾನೇ. ಹೋಟೆಲ್ ಬಿಡುವ ದಿನ ಮೂರನೆಯ ರೂಮಿನ ಬಾಕಿ, ಊಟ ಎಲ್ಲ ಸೇರಿ 84,000 ಲಂಕಾ ರೂಪಾಯಿ. ಕಾರ್ಡು ಹಾಕಿದೆ. ಯಂತ್ರ ಕೇಳಿತು: ಭಾರತದ ರೂಪಾಯಿಯೋ, ಲಂಕಾ ರೂಪಾಯಿಯೋ? "ನಮ್ದೇ ಒತ್ತಮ್ಮಾ" ಅಂದರು ಭಾವ. ಒತ್ತಿದೆ. 25,610. ಮೂರೂವರೆಯ ಲೆಕ್ಕದಲ್ಲಿ 24,000 ಆಗಬೇಕಿತ್ತು. ನಮ್ಮ ರೂಪಾಯಿಗೆ ಬದಲಾಯಿಸಿದ್ದು ನಮ್ಮ ಬ್ಯಾಂಕಲ್ಲ, ಅಲ್ಲಿನ ಯಂತ್ರದವರು, ಅವರಿಗೆ ಬೇಕಾದ ದರದಲ್ಲಿ. ಅದರ ಮೇಲೆ ನನ್ನ ಬ್ಯಾಂಕು ಇನ್ನೊಂದು ಶುಲ್ಕ ಹಾಕಿತು. ಯಾವ ದೇಶದಲ್ಲಾದರೂ ಆ ದೇಶದ ದುಡ್ಡನ್ನೇ ಒತ್ತಿ. ಹಾಗೆ ಒತ್ತಿದರೂ ಬಹಳಷ್ಟು ಕ್ರೆಡಿಟ್ ಕಾರ್ಡುಗಳು 3.5% ಮಾರ್ಕಪ್ಪು, ಅದರ ಮೇಲೆ 18% ಜಿಎಸ್‌ಟಿ ಹಿಡಿಯುತ್ತವೆ, ಅಂದರೆ ನೂರಕ್ಕೆ 4 ರೂಪಾಯಿ 13 ಪೈಸೆ. ಮಾರ್ಕಪ್ಪು ಇಲ್ಲದ ಕಾರ್ಡುಗಳೂ ಇವೆ. ಹೊರಡುವ ತಿಂಗಳಲ್ಲಲ್ಲ, ಮೂರು ತಿಂಗಳು ಮೊದಲೇ ಅರ್ಜಿ ಹಾಕಬೇಕು.

ಐದು ರಾತ್ರಿಗೆ ಆರು ಜನರ ಖರ್ಚು: ವಿಮಾನ 87,000, ಚಾಲಕನ ಸಮೇತ ವ್ಯಾನ್ 50,000, ರೂಮು 77,000, ಊಟತಿಂಡಿ 35,000, ವೀಸಾ, ದೋಣಿ, ಟಿಕೆಟ್ಟು, ಚಿಲ್ಲರೆ 22,000. ಒಟ್ಟು 2,71,000. ಚೀಟಿಯಲ್ಲಿ ಬಿಟ್ಟ 42,000 ಸೇರಿಸಿದರೆ 3,13,000. ಅಕ್ಕನಿಗೆ ನಾನು ಈ ಎರಡನೆಯ ಮೊತ್ತ ಹೇಳಿಲ್ಲ, ಹೇಳಿದರೆ ಮಾಲ್ಡೀವ್ಸಿಗೂ ಇದಕ್ಕೂ ಅಂತರ ಎಷ್ಟು ಅಂತ ಶುರುಮಾಡುತ್ತಾಳೆ.

ಶುರುಮಾಡಿಯೂ ಇದ್ದಾಳೆ. ಹೋದ ವಾರ ಭಾವನ ಫೋನು. "ಜನವರಿಯಲ್ಲಿ ಹೋಗೋಣ ಅಂತಾಳೆ ನಿಮ್ಮಕ್ಕ. ಗೂಡು ಒಂದು ವಾರ ನಿಲ್ಸಿದ್ರೆ ಎಷ್ಟು ಲಾಸು, ಲೆಕ್ಕ ಹಾಕಿ ಹೇಳಮ್ಮಾ." ಸುಡಲು ಎಷ್ಟು ಸಾವಿರ ಇಟ್ಟಿಗೆ, ಸೌದೆ ಎಷ್ಟು, ಕೆಲಸದವರಿಗೆ ಕೊಟ್ಟಿರುವ ಮುಂಗಡ ಎಷ್ಟು, ಬರೆದು ಕಳಿಸಿ ಭಾವ ಅಂದೆ. ಇನ್ನೂ ಕಳಿಸಿಲ್ಲ.