ಸಾಲ ಮಾಡಿ ವಿಆರ್ ಚಿಕಿತ್ಸೆ ಕೊಡಿಸಲೇ?

ಪ್ರಶ್ನೆ: ಮಗಳಿಗೆ 20 ವರ್ಷ, ಡಿಗ್ರಿ ಓದುತ್ತಿದ್ದಾಳೆ. ಹಗಲೆಲ್ಲ ಊಟ ಬೇಡ ಅನ್ನುತ್ತಾಳೆ. ನಾವು ಮಲಗಿದ ಮೇಲೆ ಬ್ರೆಡ್ಡು, ಚಕ್ಕುಲಿ, ಸಿಹಿ ಎಲ್ಲ ಖಾಲಿ ಮಾಡಿ, ಬಚ್ಚಲಿಗೆ ಹೋಗಿ ಬೆರಳು ಹಾಕಿ ವಾಂತಿ ಮಾಡುತ್ತಾಳೆ. ನಮ್ಮ ಯಜಮಾನರು 'ನಾಲಿಗೆ ಚಪಲ' ಎಂದು ಬೈಯುತ್ತಾರೆ. ಕಣ್ಣಿಗೆ ವಿಆರ್ ಕನ್ನಡಕ ಹಾಕಿ ಇದನ್ನು ವಾಸಿ ಮಾಡುತ್ತಾರಂತೆ. ಸಾಲ ಮಾಡಿಯಾದರೂ ಕೊಡಿಸಲೇ?
– ಹೆಸರು ಬೇಡ, ಚಾಮರಾಜಪೇಟೆ

ಉತ್ತರ: ಇದು ಚಪಲವಲ್ಲ ಅಮ್ಮ, ಕಾಯಿಲೆ. ನೀವು ಬರೆದ ಲಕ್ಷಣಗಳು ಬುಲಿಮಿಯಾವನ್ನು ಹೋಲುತ್ತವೆ. ಹೌದೋ ಅಲ್ಲವೋ ವೈದ್ಯರು ನೋಡಿ ಹೇಳಬೇಕು. ಬೈದರೆ, ಡಬ್ಬಿ ಬಚ್ಚಿಟ್ಟರೆ ಅವಳು ಇನ್ನಷ್ಟು ಗುಟ್ಟು ಮಾಡುತ್ತಾಳೆ, ಅಷ್ಟೆ.

ವಿಆರ್ ಸುದ್ದಿ ಸುಳ್ಳಲ್ಲ. ಕನ್ನಡಕದೊಳಗೆ ಅಡುಗೆಮನೆಯೋ ಬೇಕರಿಯೋ ಕಾಣುತ್ತದೆ, ಎದುರಿಗೆ ಅವಳನ್ನು ಕಾಡುವ ತಿಂಡಿಯೇ ಇರುತ್ತದೆ. ತಿನ್ನುವ ತುಡಿತ ಏರುತ್ತದೆ. ಅದು ಇಳಿಯುವ ತನಕ ಥೆರಪಿಸ್ಟ್ ಜೊತೆಗಿರುತ್ತಾರೆ. ತಿನ್ನದಿದ್ದರೂ ತುಡಿತ ತಾನಾಗಿ ತಗ್ಗುತ್ತದೆ ಎಂಬುದು ಹೀಗೆ ಅನುಭವಕ್ಕೆ ಬರುತ್ತದೆ. ಬಾರ್ಸಿಲೋನಾ ವಿಶ್ವವಿದ್ಯಾಲಯದವರು ಇಟಲಿಯ ತಜ್ಞರೊಂದಿಗೆ 64 ಮಂದಿಯ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರು ಸೆಷನ್‌ಗಳ ನಂತರ, ವಿಆರ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ಮಿತಿಮೀರಿ ತಿನ್ನುವುದನ್ನು ನಿಲ್ಲಿಸಿದ್ದರು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನೇ ಮುಂದುವರಿಸಿದವರಲ್ಲಿ ಕಾಲುಭಾಗದಷ್ಟು ಮಾತ್ರ. ಆದರೆ ಅವರೆಲ್ಲ ಮೊದಲೇ ಸಿಬಿಟಿ ಪಡೆದೂ ಗುಣ ಕಾಣದವರು. ನಿಮ್ಮ ಮಗಳಿಗೆ ಆ ಮೊದಲ ಚಿಕಿತ್ಸೆಯೇ ಇನ್ನೂ ಸಿಕ್ಕಿಲ್ಲ.

ಮೊದಲು ದೇಹದ ಪರೀಕ್ಷೆಯಾಗಲಿ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ರಕ್ತಪರೀಕ್ಷೆ, ಇಸಿಜಿಗೆ ನಿಮಗೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರ. ಮನಸ್ಸಿನ ಚಿಕಿತ್ಸೆಗೆ ನಿಮ್ಹಾನ್ಸ್ ಇದೆ. ಹೊರಡುವ ಮುಂಚೆ ಮಾತಾಡಬೇಕೆನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಲೆಸುತ್ತಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಸಾಯುವ ಮಾತಾಡಿದರೆ ಆ ಕ್ಷಣವೇ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ಸಿಬಿಟಿಯಲ್ಲಿ ಸಾಮಾನ್ಯವಾಗಿ 20 ವಾರಗಳಲ್ಲಿ 20 ಭೇಟಿ. ಅದರ ಮೊದಲ ಹೆಜ್ಜೆಗೆ ನೀವೂ ನೆರವಾಗಬಹುದು: ಹೊತ್ತುಹೊತ್ತಿಗೆ ಮೂರು ಊಟ, ನಡುವೆ ಎರಡು ಸಲ ತಿಂಡಿ. ಹಗಲಿನ ಹಸಿವೇ ರಾತ್ರಿ ಅವಳನ್ನು ಡಬ್ಬಿಯ ಹತ್ತಿರ ಎಳೆಯುವುದು. ಆದ್ದರಿಂದ ಏಕಾದಶಿ, ಒಪ್ಪೊತ್ತು ಅವಳಿಗೆ ಸದ್ಯಕ್ಕೆ ಬೇಡ. ನೆಂಟರು 'ಊದಿದ್ದೀಯಲ್ಲೇ' ಅಂದರೆ ನೀವೇ ತಡೆಯಿರಿ. ವಾಂತಿಯಾದ ಕೂಡಲೇ ಬ್ರಷ್ ಮಾಡಿದರೆ ಹಲ್ಲು ಸವೆಯುತ್ತದೆ, ಬಾಯಿ ಮುಕ್ಕಳಿಸಿದರೆ ಸಾಕು.

ಹೆದರಿಸುವ ತಿಂಡಿಯನ್ನು ಎದುರಿಸುವ ಅಭ್ಯಾಸಕ್ಕೆ ಕನ್ನಡಕವೇ ಆಗಬೇಕೆಂದಿಲ್ಲ. ಊಟ ಹದಕ್ಕೆ ಬಂದ ಮೇಲೆ ಥೆರಪಿಸ್ಟ್ ಹೇಳಿದ ಕ್ರಮದಲ್ಲಿ ವಿ.ವಿ. ಪುರದ ತಿಂಡಿಬೀದಿಯಲ್ಲೂ ಮಾಡಬಹುದು. ನೀವಾಗಿಯೇ ಕರೆದೊಯ್ದು ಪರೀಕ್ಷೆ ಮಾತ್ರ ಮಾಡಬೇಡಿ.

ಸಾಲ ಬೇಡ. ರಕ್ತಪರೀಕ್ಷೆ ಕೇಳದೆ, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲದೆ ಬರೀ ಯಂತ್ರ ತೋರಿಸುವವರಿಗೆ ಮುಂಗಡ ಕೊಡಬೇಡಿ. ಸಿಬಿಟಿ ಪೂರ್ತಿ ಮುಗಿದೂ ರಾತ್ರಿಯ ತಿನ್ನಾಟ ನಿಲ್ಲದಿದ್ದರೆ ಆಗ ವಿಆರ್ ಬಗ್ಗೆ ಅದೇ ವೈದ್ಯರನ್ನು ಕೇಳಿ. ಮಗಳು ದೊಡ್ಡವಳು, ಅವಳನ್ನು ಒಪ್ಪಿಸಿ, ಮೊದಲ ದಿನ ಜೊತೆಗೆ ಹೋಗಿ. ಯಜಮಾನರೂ ಬಂದು ಇದು ಚಪಲವಲ್ಲ ಎಂದು ವೈದ್ಯರ ಬಾಯಿಂದಲೇ ಕೇಳಲಿ.